ಲೆಕ್ಕಕ್ಕೆ ಬಾರದ ಎರಡು ಮನೆಗಳು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಅರಸೀಕೆರೆಯಲ್ಲಿ ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಚಿಲ್ಲರೆ ವಾಪಸು ಕೊಡದ ಕಂಡಕ್ಟರು, ಕ್ಯೂ ಮುರಿದು ನುಗ್ಗುವ ದೊಡ್ಡ ಮನುಷ್ಯರು, ಹುಡುಗಿಯರನ್ನು ರೇಗಿಸುವ ಹಿಂದಿನ ಬೆಂಚಿನವರು, ಯಾರನ್ನೂ ನಾನು ಬಿಟ್ಟವಳಲ್ಲ. ಅನ್ಯಾಯ ಕಂಡರೆ ಸುಮ್ಮನಿರುವ ಜಾಯಮಾನ ನನ್ನದಲ್ಲ ಅಂತ ನನಗೊಂದು ಹೆಮ್ಮೆಯಿತ್ತು. ಆ ಹೆಮ್ಮೆಯ ತೂಕ ಎಷ್ಟು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ೨೦೦೩ರ ಮಾತು. ನಾನು ಅರಸೀಕೆರೆಯ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಡುತ್ತಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನನ್ನ ಗೆಳತಿ ಇಂದು ಆಗ ಬೇಲೂರಿನಲ್ಲಿ ಸಮಾಜಶಾಸ್ತ್ರದ ಅಧ್ಯಾಪಕಿ. ಮೈಸೂರಿನಲ್ಲಿ ಮೂರು ವಾರದ ತರಬೇತಿಗೆ ಹೋದಾಗ ಹಾಸ್ಟೆಲಿನಲ್ಲಿ ಇಬ್ಬರಿಗೂ ಒಂದೇ ಕೋಣೆ ಸಿಕ್ಕಿತ್ತು. ಮೊದಲ ದಿನ "ನೀವು, ತಾವು" ಅಂದೆವು, ಮೂರನೆಯ ದಿನಕ್ಕೆ "ಕಣೇ" ಶುರುವಾಯಿತು. ಅವಳು ಮಾದಿಹಳ್ಳಿಯವಳು. ತಂದೆ ಉಗ್ರಪ್ಪನವರು ಶಾಲಾ ಮಾಸ್ತರರಾಗಿದ್ದು ತೀರಿಕೊಂಡಿದ್ದರು, ತಾಯಿ ಹನುಮಮ್ಮ ಊರಲ್ಲಿದ್ದರು. "ಅಪ್ಪ ಬೌದ್ಧ ಧರ್ಮಕ್ಕೆ ಸೇರಿದ್ರು. ಅದಕ್ಕೆ ಮುಂಚೆ ನಾವು ಯಾರು ಅಂತ ಬಿಡಿಸಿ ಹೇಳ್ಬೇಕಾ?" ಅಂತ ಅವಳೇ ಕೇಳಿದಳು. "ಅದೆಲ್ಲ ನಂಗೆ ಲೆಕ್ಕಕ್ಕೇ ಇಲ್ಲ ಕಣೇ" ಅಂದೆ. ಅವಳು ನಕ್ಕು ದೀಪ ಆರಿಸಿದಳು. ಎಷ್ಟು ಒಳ್ಳೆಯವಳಪ್ಪ ನಾನು ಅಂದುಕೊಂಡು ನಾನು ನಿದ್ದೆ ಹೋದೆ.

ನಮ್ಮಿಬ್ಬರ ಜಂಟಿ ಸಂಶೋಧನೆ ಹುಟ್ಟಿದ್ದು ಆ ಕೋಣೆಯಲ್ಲೇ. ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನು ಆಗ ಊರೂರಿಗೆ ನುಗ್ಗುತ್ತಿತ್ತು. ಅರಸೀಕೆರೆ, ಬೇಲೂರು, ಹಳೇಬೀಡಿನಲ್ಲಿ ಊರಿಗೆ ನೂರರಂತೆ ಮುನ್ನೂರು ಮನೆಗಳಿಗೆ ಹೋಗಿ, ಜನ ಏನನ್ನು ತೊಳೆದು ಮತ್ತೆ ಬಳಸುತ್ತಾರೆ, ಏನನ್ನು ಎಸೆಯುತ್ತಾರೆ, ಯಾಕೆ ಎಸೆಯುತ್ತಾರೆ ಅಂತ ಕೇಳಿ ಬರೆಯಬೇಕು. ಪರಿಸರಕ್ಕೆ ಒಗ್ಗುವ ಬಳಕೆಗೆ ಅವರನ್ನು ಹೇಗೆ ತರಬಹುದು ಅಂತ ಕೊನೆಯಲ್ಲಿ ಸಲಹೆ ಕೊಡಬೇಕು. ಹಾಸನದಲ್ಲಿದ್ದ ನಮ್ಮ ಮಾರ್ಗದರ್ಶಕ ಶರತ್ಚಂದ್ರ ಸರ್ ಒಪ್ಪಿದರು. ಪ್ರಬಂಧದ ಮೇಲೆ ಇಬ್ಬರ ಹೆಸರೂ ಇರುತ್ತದೆ ಅನ್ನುವುದೇ ನಮಗೆ ಹಬ್ಬವಾಗಿತ್ತು. ಯಾರ ಹೆಸರು ಮೊದಲು ಅಂತ ಚೀಟಿ ಎತ್ತಿದೆವು, ಅವಳದು ಬಂತು. ನಾನು ಅದಕ್ಕೂ ಸ್ವಲ್ಪ ಜಗಳ ತೆಗೆದೆ.

ಫಾರ್ಮು ಸರಿಯಾಗಿದೆಯೋ ಇಲ್ಲವೋ ನೋಡಲು ಮೊದಲು ನಮ್ಮ ಮನೆಗಳಲ್ಲೇ ತುಂಬಿಸೋಣ ಅಂದುಕೊಂಡೆವು. ನಮ್ಮ ಮನೆಗೆ ಅವಳು ಬರುವುದು, ಅವಳ ಮನೆಗೆ ನಾನು ಹೋಗುವುದು. ಈ ಎರಡು ಮನೆಗಳು ಬರೀ ಪರೀಕ್ಷೆಗೆ, ಮುನ್ನೂರರ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮಪ್ಪ ಷಡಕ್ಷರಪ್ಪ ಕೊಬ್ಬರಿ ಮಂಡಿ ಇಟ್ಟವರು, ಮಠದ ಸಮಿತಿಯಲ್ಲೂ ಇದ್ದವರು. ನಮ್ಮಮ್ಮ ಗುರುಸಿದ್ದಮ್ಮನ ಅಡುಗೆಮನೆಯ ಗೂಡುಗಳಲ್ಲಿ ಮೂರು ಮದುವೆಗೆ ಸಾಲುವಷ್ಟು ಸ್ಟೀಲು ಪಾತ್ರೆ ಇತ್ತು. ಇಂದು ಬಂದ ದಿನ ಅಮ್ಮ ಅವಳನ್ನು ಸೋಫಾದ ಮೇಲೆ ಕೂರಿಸಿ, "ಬಾಮ್ಮ, ಎಷ್ಟು ಬಡವಾಗಿದ್ದೀಯ, ಹಾಸ್ಟೆಲ್ ಊಟ ತಿಂದು ತಿಂದು" ಅಂತ ಮೈದಡವುವ ದನಿಯಲ್ಲಿ ಮಾತಾಡಿಸಿದರು. ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಏಳನೆಯ ಪ್ರಶ್ನೆಯ ವಾಕ್ಯ ಉದ್ದವಾಯಿತು ಅಂತ ನಾನು ನಡುವೆ ಬಾಯಿ ಹಾಕಿ ರಗಳೆ ಮಾಡುತ್ತಿದ್ದೆ. ಕಾಫಿ ಬಂತು, ಕುಡಿದೆವು. ನನಗೆ ನೆನಪಿದ್ದದ್ದು ಅಷ್ಟೇ. ಫಾರ್ಮಿನ ಕೊನೆಯಲ್ಲಿ ಸಂದರ್ಶನ ಮಾಡಿದವರು ಕಂಡದ್ದನ್ನು ಬರೆಯಲು 'ಷರಾ' ಅಂತ ನಾಲ್ಕು ಗೆರೆ ಬಿಟ್ಟಿದ್ದೆವು. ಅವಳು ಅಲ್ಲಿ ಏನೋ ಬರೆದು, ಮಡಚಿ ಬ್ಯಾಗಿಗೆ ಹಾಕಿಕೊಂಡಳು. "ಏನೇ ಬರೆದೆ?" ಅಂದೆ. "ನೀನು ಬಾಯಿಬಡುಕಿ ಅಂತ" ಅಂದಳು.

ಮಾದಿಹಳ್ಳಿಯಲ್ಲಿ ಅವರದು ಎರಡು ಕೋಣೆಯ ತಾರಸಿ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಇಂದುವಿನ ಪದವಿಯ ಫೋಟೊ. ಹನುಮಮ್ಮ ಲೋಟದ ತುಂಬ ಕಾಫಿ ಕೊಟ್ಟರು. ನಾನು ಅದನ್ನು ಕುಡಿದು, ಕೇಳಿ ಇನ್ನೊಂದು ಲೋಟ ಹಾಕಿಸಿಕೊಂಡೆ. ಬೇಕಾಗಿರಲಿಲ್ಲ. ನೋಡಿ, ನಿಮ್ಮ ಮನೆಯಲ್ಲಿ ಎರಡೆರಡು ಸಲ ಕುಡಿಯುತ್ತೇನೆ ಅಂತ ತೋರಿಸಿಕೊಳ್ಳಬೇಕಾಗಿತ್ತು. ಪ್ಲಾಸ್ಟಿಕ್ ಕಪ್ಪಿನ ಸಾಲಿನಲ್ಲಿ ಸೊನ್ನೆ ಬರೆದು, ಷರಾದಲ್ಲಿ 'ಮಾದರಿ ಮನೆ' ಅಂತ ಸೇರಿಸಿದೆ.

ಆಮೇಲಿನ ಎಂಟು ತಿಂಗಳು ನನ್ನ ಬದುಕಿನ ಒಳ್ಳೆಯ ದಿನಗಳು. ನೂರೈವತ್ತು ಮನೆ ನನಗೆ, ನೂರೈವತ್ತು ಅವಳಿಗೆ. ಹಳೇಬೀಡಿನಲ್ಲೊಬ್ಬರು ಹಾಲಿನ ಕವರುಗಳನ್ನು ತೊಳೆದು, ಒಗೆದ ಸೀರೆಯ ಪಕ್ಕದಲ್ಲಿ ತಂತಿಗೆ ಒಣಹಾಕಿದ್ದರು. ಬೇಲೂರಿನಲ್ಲಿ ಹೊನ್ನಯ್ಯ ಅನ್ನುವವರು ನಾವು ಪ್ಲಾಸ್ಟಿಕ್ ಮಾರಲು ಬಂದವರು ಅಂದುಕೊಂಡು ಬಾಗಿಲು ಹಾಕಿಕೊಂಡರು. ಬಸ್ ಸ್ಟ್ಯಾಂಡುಗಳಲ್ಲಿ ಒಂದೇ ಪೊಟ್ಟಣದ ಕಡಲೆಕಾಯಿ ಹಂಚಿಕೊಂಡು ಫಾರ್ಮು ಜೋಡಿಸಿದೆವು. ಹದಿನೈದು ದಿನಕ್ಕೊಮ್ಮೆ ಅವಳು ನಮ್ಮ ಮನೆಗೆ ಬರುತ್ತಿದ್ದಳು, ನಡುಮನೆಯಲ್ಲಿ ಕಾಗದ ಹರವಿಕೊಂಡು ಲೆಕ್ಕ ಹಾಕುತ್ತಿದ್ದೆವು.

ಲೆಕ್ಕದಲ್ಲಿ ಒಂದು ವಿಚಿತ್ರ ಕಂಡಿತು. ಸ್ಟೀಲು ಪಾತ್ರೆ ತುಂಬಿ ತುಳುಕುವ ಮನೆಗಳಲ್ಲೇ ಪ್ಲಾಸ್ಟಿಕ್ ಕಪ್ಪಿನ ಒಂದು ಪ್ಯಾಕೆಟ್ಟು ಅಟ್ಟದ ಮೇಲೋ ಗೂಡಿನ ಹಿಂದೋ ಇರುತ್ತಿತ್ತು. ತಿಂಗಳಿಗೆ ನಾಲ್ಕೋ ಐದೋ ಖರ್ಚಾಗುತ್ತಿದ್ದವು. ಇದ್ದ ಲೋಟ ಬಿಟ್ಟು ಇದೇಕೆ ಅಂದರೆ ಎಲ್ಲರೂ "ಅನುಕೂಲಕ್ಕೆ" ಅನ್ನುತ್ತಿದ್ದರು. ನಾನು ಹಾಗೇ ಬರೆದೆ, ತೊಳೆಯುವ ಶ್ರಮ ತಪ್ಪಿಸುವ ಹೊಸ ಅಭ್ಯಾಸ ಅಂತ.

"ಯಾರು ಬಂದಾಗ ಅಂತ ಒಂದು ಪ್ರಶ್ನೆ ಸೇರಿಸೋಣ ಕಣೇ" ಅಂದಳು ಇಂದು.

"ಇನ್ಯಾರು, ನೆಂಟರು."

"ನೆಂಟರಿಗಾದ್ರೆ ಪ್ಯಾಕೆಟ್ ಒಂದೇ ದಿನಕ್ಕೆ ಖಾಲಿ ಆಗ್ಬೇಕು. ನಾಲ್ಕು ಯಾರಿಗೆ?"

"ನಿನ್ನ ಸಮಾಜಶಾಸ್ತ್ರ ಶುರುವಾಯ್ತಾ? ನಮ್ಮ ವಿಷಯ ಬಳಕೆದಾರರ ವರ್ತನೆ ಮಾರಾಯ್ತಿ, ಅವರ ಮನೆಗೆ ಬರೋರ ಜಾತಕ ಅಲ್ಲ."

ಅವಳು ಕೈಯಲ್ಲಿದ್ದ ಫಾರ್ಮನ್ನು ಕಟ್ಟಿಗೆ ಸೇರಿಸಿದಳು. ಆಮೇಲೆ "ಸರಿ" ಅಂದಳು. ಅವಳ ಎದುರಿಗೆ ಟೀಪಾಯಿಯ ಮೇಲೆ ಕಾಫಿ ಆರುತ್ತಿತ್ತು. ನನ್ನದನ್ನು ನಾನು ಆಗಲೇ ಕುಡಿದಿದ್ದೆ.

ಸಲಹೆಯ ಅಧ್ಯಾಯಕ್ಕೆ ನನಗೊಂದು ಘನವಾದ ಯೋಚನೆ ಹೊಳೆಯಿತು. ನಮ್ಮದು ತೆಂಗಿನ ಸೀಮೆ. ಮಂಡಿಯ ಹಿತ್ತಲಲ್ಲಿ ಚಿಪ್ಪಿನ ರಾಶಿ ಗುಡ್ಡದ ಹಾಗೆ ಬಿದ್ದಿರುತ್ತದೆ. ಪ್ಲಾಸ್ಟಿಕ್ ಕಪ್ಪಿನ ಬದಲು ಚಿಪ್ಪಿನ ಕಪ್ ಮಾಡಿದರೆ? ಊರಿನ ವಸ್ತು, ಮಣ್ಣಿಗೆ ಬಿದ್ದರೆ ಮಣ್ಣಾಗುತ್ತದೆ. ಹಳೇಬೀಡಿನಲ್ಲಿ ಪ್ರವಾಸಿಗರಿಗೆ ಚಿಪ್ಪಿನ ಆಟದ ಸಾಮಾನು ಮಾಡಿ ಮಾರುವ ದೇವೀರಪ್ಪ ಅನ್ನುವವರ ಕೈಯಲ್ಲಿ ಆರು ಕಪ್ ಮಾಡಿಸಿದೆ. ಉಜ್ಜಿ ಎಣ್ಣೆ ಹಚ್ಚಿ ಹೊಳೆಯುವಂತೆ ಮಾಡಿಕೊಟ್ಟರು. ಅಪ್ಪ ನೋಡಿ, "ಇಷ್ಟು ದಿನ ಸಂಶೋಧನೆ ಮಾಡಿ ಕೊನೆಗೆ ಕೈಗೆ ಚಿಪ್ಪೇ ಬಂತೇನೇ ಮಗಳೇ?" ಅಂತ ನಕ್ಕರು.

ಇಂದುವಿಗೆ ಹೇಳದೆ, ಒಂದು ಭಾನುವಾರ ಬೆಳಿಗ್ಗೆ ಆರೂ ಕಪ್ಪುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಾದಿಹಳ್ಳಿಗೆ ಬಸ್ಸು ಹತ್ತಿದೆ. ಮೊದಲ ಸಲ ಅವುಗಳಲ್ಲಿ ಕಾಫಿ ಕುಡಿಯುವವರು ನನ್ನ ಮಾದರಿ ಮನೆಯವರೇ ಆಗಬೇಕು ಅಂತ ನನ್ನ ಆಸೆ.

ಇಂದು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹನುಮಮ್ಮ "ಬಾವ್ವ ಬಾ, ಈಗ ಕಾಪಿ ಕಾಯಿಸ್ತೀನಿ" ಅಂದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾನೇ ಒಲೆಯ ಹತ್ತಿರ ಹೋದೆ. ಕಾಫಿಯನ್ನು ಚಿಪ್ಪಿಗೆ ಬಗ್ಗಿಸಿ ತಂದು ಅವರ ಕೈಗಿಟ್ಟೆ. "ಕುಡೀರಮ್ಮ, ಇದು ನಮ್ಮ ಸಂಶೋಧನೆ" ಅಂದೆ.

ಹನುಮಮ್ಮ ಚಿಪ್ಪು ನೋಡಿದರು. ಎರಡೂ ಕೈ ಜೋಡಿಸಿ ಹಿಡಿದುಕೊಂಡು ಕುರ್ಚಿಯಿಂದ ಎದ್ದರು, ಬಾಗಿಲ ಬಳಿಗೆ ಹೋಗಿ ಹೊಸಿಲಿನ ಆಚೆ ಕುಕ್ಕರುಗಾಲಲ್ಲಿ ಕುಳಿತರು, ಬೆನ್ನು ನನ್ನ ಕಡೆ ಮಾಡಿ ಕುಡಿದರು. ಬೆಳಕಿಗೆ ಹೋದರೇನೋ ಅಂದುಕೊಂಡೆ ನಾನು! ಕುಡಿದು ಮುಗಿಸಿ ಚಿಪ್ಪನ್ನು ತಾವೇ ತೊಳೆದು, ತಲೆಯ ಮೇಲೆ ಸೂರಿಗಾಗಿ ಕೈ ಚಾಚಿ ತಡಕಾಡಿದರು. ಅದು ತಾರಸಿ ಮನೆ, ಸೂರೆಲ್ಲಿ? ಕೊನೆಗೆ ಹೊರಗಿನ ಕಿಟಕಿಯ ಕಟ್ಟೆಯ ಮೇಲೆ ಬೋರಲಾಗಿ ಇಟ್ಟರು.

ಹಿತ್ತಲಿಂದ ಯಾವಾಗಲೋ ಬಂದಿದ್ದ ಇಂದು ಅಲ್ಲೇ ನಿಂತು ಅಷ್ಟನ್ನೂ ನೋಡಿದ್ದಳು.

"ಅವ್ವಾ," ಅಂದಳು ಮೆಲ್ಲಗೆ, "ಯಾಕವ್ವ ಅಲ್ಲಿ ಕೂತಿದ್ದೆ?"

ಹನುಮಮ್ಮ ಬೆಚ್ಚಿದರು. ಹೊಸಿಲು ನೋಡಿದರು, ತಮ್ಮ ಕಾಲು ನೋಡಿಕೊಂಡರು. "ಅಯ್ಯೋ ಶಿವನೇ, ನಾನ್ಯಾವಾಗ ಇಲ್ಲಿಗೆ ಬಂದೆ ಕಣವ್ವ?" ಅಂತ ನಗಲು ನೋಡಿದರು. "ಚಿಪ್ಪು ಕೈಗೆ ಬತ್ತಲ್ಲ, ಕಾಲು ತಾನೇ ಎದ್ದು ಬಂದದೆ. ಮದುವೆಗೆ ಮುಂಚೆ ಅರಸೀಕೆರೆ ಮಂಡೀಲಿ ಕೊಬ್ರಿ ಒಡೆಯಾಕೆ ಹೋಗ್ತಿದ್ನಲ್ಲ, ಅಲ್ಲಿ ನಮ್ಗೆ ಹಿಂಗೇ ಕೊಡೋರು. ನಮ್ ನಮ್ ಚಿಪ್ಪು ತೊಳ್ದು ಸೂರಿಗೆ ಸಿಕ್ಸಿ ಬತ್ತಿದ್ವು. ನಿಮ್ಮಪ್ಪ ಬಂದ್ಮ್ಯಾಕೆ ಅದೆಲ್ಲ ಮರ್ತೇ ಹೋಗಿತ್ತು." ನನ್ನ ಕಡೆ ತಿರುಗಿ, "ನೀ ಬೇಜಾರ್ ಮಾಡ್ಕಬ್ಯಾಡವ್ವ, ಕಾಪಿ ಸಂದಾಗಿತ್ತು" ಅಂದರು.

ಯಾರ ಮಂಡಿ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಅಷ್ಟು ಹಿಂದೆ ಅರಸೀಕೆರೆಯಲ್ಲಿ ದೊಡ್ಡ ಮಂಡಿಗಳು ಇದ್ದದ್ದೇ ನಾಲ್ಕು, ಅದರಲ್ಲೊಂದು ನಮ್ಮ ತಾತನದು.

ಇಂದು ಬಸ್ ನಿಲ್ದಾಣದವರೆಗೆ ಬಂದಳು. ಉಳಿದ ಐದು ಚಿಪ್ಪು ನನ್ನ ಬ್ಯಾಗಿನಲ್ಲಿ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

"ನಂಗೆ ಗೊತ್ತಿರ್ಲಿಲ್ಲ ಕಣೇ, ನಿನ್ನಾಣೆ" ಅಂದೆ.

"ನಂಗೊತ್ತು. ನಿಂಗೆ ಗೊತ್ತಿಲ್ಲದೇ ಇರೋದೇ ನಂಗೆ ಸುಸ್ತು ಶಿಲ್ಪಾ. ನಿಮ್ಮನೆಗೆ ಹದಿನಾರು ಸಲ ಬಂದಿದ್ದೀನಿ. ಹದಿನಾರು ಸಲಾನೂ ನಂಗೆ ಪ್ಲಾಸ್ಟಿಕ್ ಕಪ್ಪು. ನೀನು ಪಕ್ಕದಲ್ಲಿ ಕೂತು ಸ್ಟೀಲ್ ಲೋಟದಲ್ಲಿ ಕುಡೀತಾ, ಜನ ಯಾಕೆ ಪ್ಲಾಸ್ಟಿಕ್ ಬಳಸ್ತಾರೋ ಅಂತ ನನ್ನೇ ಕೇಳ್ತಿದ್ದೆ."

"ಅಮ್ಮ ಬಂದೋರಿಗೆಲ್ಲ..." ಅಂತ ಶುರು ಮಾಡಿ ನಿಲ್ಲಿಸಿದೆ. ಹಿಂದಿನ ವಾರ ಮಠದ ಸಮಿತಿಯ ಗಂಗಾಧರಪ್ಪನವರ ಮನೆಯವರು ಬಂದಾಗ ಅಮ್ಮ ಬೆಳ್ಳಿ ಲೋಟ ತೆಗೆದಿದ್ದು ಕಣ್ಣ ಮುಂದೆ ಬಂತು. "ಮೊದ್ಲೇ ಹೇಳ್ಬಾರ್ದಿತ್ತಾ?"

"ನೀನಾಗೇ ನೋಡ್ತೀಯ ಅಂತ ಕಾಯ್ತಿದ್ದೆ" ಅಂದಳು. ಬಸ್ಸು ಬಂತು.

ಮನೆಗೆ ಬಂದವಳೇ ಗೂಡುಗಳನ್ನೆಲ್ಲ ಜಾಲಾಡಿದೆ. ಸಕ್ಕರೆ ಡಬ್ಬದ ಹಿಂದೆ ಇತ್ತು ಪ್ಯಾಕೆಟ್ಟು, ಅರ್ಧ ಖಾಲಿಯಾಗಿತ್ತು. ಊರಿಗೆಲ್ಲ ಪುರಾಣ ಹೇಳಿ ನಮ್ಮನೆಯಲ್ಲೇ ಬದನೆಕಾಯಿ! ಅಮ್ಮನ ಮೇಲೆ ಬೀದಿಗೆ ಕೇಳುವಂತೆ ಕೂಗಾಡಿದೆ. ಅಮ್ಮ ಕಣ್ಣಲ್ಲಿ ನೀರು ತಂದುಕೊಂಡರು. "ಆ ಹುಡುಗಿ ಮೇಲೆ ನಂಗೇನೇ ದ್ವೇಷ? ಅವಳಿಗೆ ಅಂತಾನೇ ಹೊಸ ಪ್ಯಾಕೆಟ್ ತರಿಸಿದ್ದೀನಿ. ಹೊಚ್ಚ ಹೊಸದು, ಯಾರೂ ಬಾಯಿ ಹಾಕದೇ ಇರೋದು. ಇನ್ನೆಷ್ಟು ಮರ್ಯಾದೆ ಮಾಡ್ಬೇಕಿತ್ತು?" ಅಂದರು. ನಮ್ಮಮ್ಮ ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ತಡೆದುಕೊಳ್ಳಲು ಆಗಲಿಲ್ಲ.

ವಾರದ ನಂತರ ಇಂದುವಿನ ಪಾಲಿನ ನೂರೈವತ್ತು ಫಾರ್ಮುಗಳು ಅಂಚೆಯಲ್ಲಿ ಬಂದವು. ಜೊತೆಗೊಂದು ಚೀಟಿ. 'ಷರಾಗಳನ್ನು ಓದು. ಯಾರು ಬಂದಾಗ ಅನ್ನುವುದನ್ನು ಬಾಯಿಮಾತಲ್ಲೇ ಕೇಳಿ ಬರೆದಿದ್ದೇನೆ. ಅದನ್ನು ಪ್ರಬಂಧಕ್ಕೆ ಸೇರಿಸಿದರೆ ಇಬ್ಬರ ಹೆಸರೂ ಇರಲಿ, ನಾನು ಬಂದು ಜೊತೆಯಲ್ಲಿ ಕೂತು ಬರೆಯುತ್ತೇನೆ. ಬಿಡುವುದಾದರೆ ನನ್ನ ಹೆಸರು ಬೇಡ.'

ಓದಿದೆ. 'ತೋಟದ ಆಳು ನೀರು ಕೇಳಿದಾಗ.' 'ಮಗನ ಜೊತೆ ಓದುವ ಕಾಲೋನಿಯ ಹುಡುಗ ಬಂದಾಗ.' 'ಸೊಸೆಯ ಆಫೀಸಿನ ಗೆಳತಿಗೆ. ಬೇರೆ ಯಾರಿಗೂ ಇಲ್ಲ.' ನಲವತ್ತೊಂದು ಮನೆ. ಅನುಕೂಲಕ್ಕೆ ಅಂತ ನಾನು ಬರೆದದ್ದರ ಅರ್ಥ ಅಲ್ಲಿತ್ತು. ಪ್ರಬಂಧದಲ್ಲಿ ಒಂದು ಅಂಕಣ, ಒಂದು ಪುಟ ಸೇರಿಸಿದ್ದರೆ ಸಾಕಿತ್ತು, ಅವಳು ಮತ್ತೆ ಬಂದು ನನ್ನ ಪಕ್ಕದಲ್ಲಿ ಕೂರುತ್ತಿದ್ದಳು.

ಶರತ್ಚಂದ್ರ ಸರ್ ಹತ್ತಿರ ಹೋದೆ. "ಪ್ರಶ್ನಾವಳಿಯಲ್ಲೇ ಇಲ್ಲದ್ದನ್ನು ತೀರ್ಮಾನದಲ್ಲಿ ಹೇಗಮ್ಮ ತರೋದು? ಜಾತಿ ವಿಷಯ ಬೇರೆ. ಕೆಲಸ ಖಾಯಂ ಆಗೋ ಹೊತ್ತಲ್ಲಿ ಯಾಕೆ ಮೈಮೇಲೆ ಎಳ್ಕೋತೀರಿ?" ಅಂದರು. ಅವರು ಹೇಳಿದ ಮೊದಲ ಮಾತಿನಲ್ಲಿ ನ್ಯಾಯವಿತ್ತು. ನಾನು ಆ ನ್ಯಾಯದ ಹಿಂದೆ ಬಚ್ಚಿಟ್ಟುಕೊಂಡೆ. ಪ್ರಬಂಧ ಅಚ್ಚಾದರೆ ಅರಸೀಕೆರೆಯಲ್ಲಿ ಓದುವವರು ಓದುತ್ತಾರೆ, ನಿಮ್ಮ ಮನೆಯಲ್ಲಿ ಹೇಗೆ ಅಂತ ಕೇಳುತ್ತಾರೆ, ಮಠದಲ್ಲಿ ಅಪ್ಪ ತಲೆ ತಗ್ಗಿಸಬೇಕಾಗುತ್ತದೆ. ಅಮ್ಮನ ಮೇಲೆ ನಾಲ್ಕು ಗೋಡೆಯೊಳಗೆ ಕೂಗಾಡುವುದು ಸುಲಭವಿತ್ತು. ಕಾಗದದ ಮೇಲೆ ಬರೆಯುವಾಗ ಕೈ ಬರಲಿಲ್ಲ.

ಡಿಸೆಂಬರಿನಲ್ಲಿ ಪ್ರಬಂಧ ಕಳಿಸಿದೆ. ಚಿಪ್ಪಿನ ಸಲಹೆ ತೆಗೆದುಹಾಕಿದೆ, ಅನುಕೂಲದ ತೀರ್ಮಾನ ಉಳಿಸಿಕೊಂಡೆ. ಮೇಲೆ ನನ್ನೊಬ್ಬಳ ಹೆಸರು. ಮೈಸೂರಿನ ಸಮ್ಮೇಳನದಲ್ಲಿ ಮೆಚ್ಚಿಕೊಂಡರು, ಅದರ ಸಂಚಿಕೆಯಲ್ಲಿ ಅಚ್ಚಾಯಿತು. ಒಂದು ಪ್ರತಿಯನ್ನು ಇಂದುವಿಗೂ ಕಳಿಸಿದೆ. ಯಾಕೆ ಕಳಿಸಿದೆನೋ ಇವತ್ತಿಗೂ ತಿಳಿಯದು. ಬೈದಾದರೂ ಒಂದು ಕಾಗದ ಬರೆದಾಳು ಅಂತ ಇರಬೇಕು.

ಅವಳು ಬೈಯಲಿಲ್ಲ. ಬೇಸಿಗೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಅವಳ ಒಂದಕ್ಷರದ ಕಾಗದವೂ ಇರಲಿಲ್ಲ, ಮಡಚಿದ ಒಂದು ಹಳೆಯ ಫಾರ್ಮು ಇತ್ತು. ಮೊದಲ ದಿನ ನಮ್ಮ ಮನೆಯಲ್ಲಿ ಪರೀಕ್ಷೆಗೆ ಅಂತ ತುಂಬಿದ್ದು, ಲೆಕ್ಕಕ್ಕೆ ಬಾರದ್ದು. ಮನೆಯ ಯಜಮಾನಿಯ ಹೆಸರು ಗುರುಸಿದ್ದಮ್ಮ. ಪ್ಲಾಸ್ಟಿಕ್ ಕಪ್ ಬಳಸುತ್ತೀರಾ ಅನ್ನುವುದಕ್ಕೆ ಅಮ್ಮನ ಉತ್ತರ, 'ಇಲ್ಲ'. ಕೆಳಗೆ ಷರಾದ ನಾಲ್ಕು ಗೆರೆಗಳಲ್ಲಿ ಇಂದುವಿನ ಗುಂಡು ಅಕ್ಷರ.

ಬಾಯಿಬಡುಕಿ ಅಂತ ಬರೆದಿದ್ದೇನೆ ಅಂತ ಅವತ್ತು ತಮಾಷೆ ಮಾಡಿದ್ದಳಲ್ಲ, ಅದು ಪೂರ್ತಿ ಸುಳ್ಳಾಗಿರಲಿಲ್ಲ. ನನಗೀಗ ಆ ನಾಲ್ಕು ಗೆರೆ ಬಾಯಿಗೇ ಬರುತ್ತದೆ.

'ಬಳಸುತ್ತಾರೆ. ಇವತ್ತು ಒಂದು, ನನಗೆ. ಮಗಳು ಪಕ್ಕದಲ್ಲೇ ಇದ್ದಳು, ನೋಡಿಲ್ಲ. ನೋಡಿದರೆ ಅವಳು ಸುಮ್ಮನಿರುವವಳಲ್ಲ.'